ಮೂರನೆಯ ಹೊಂಡದ ಕೆಸರು

ಗೌಸೋದ್ದೀನ ಸುಳ್ಳು ಹೇಳುತ್ತಿದ್ದಾನೆ. ವಿಶಾಖಾಳಿಗೆ ಇನ್ನು ಸಂಶಯ ಉಳಿದಿರಲಿಲ್ಲ.

“ನೀರು ತಿಳಿ ಅದರಿ ಮೇಡಂ,” ಎಂದ ಅವನು, ಮೂರನೆಯ ಹೊಂಡದ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು. “ನಿಮಗ ಕಾಣವಲ್ದೇನ್ರಿ?”

“ಚಾಷ್ಟಿ ಮಾಡಬ್ಯಾಡ್ರಿ, ಗೌಸಭಾಯಿ. ಹನ್ನೊಂದು ವರ್ಷದಿಂದ ಇದೇ ನೀರು ನೋಡ್ಲಿಕ್ಕತ್ತೇನಿ.”

ಹಗ್ಗಕ್ಕೆ ಕಟ್ಟಿದ ಬಿಳಿಯ ತಟ್ಟೆಯನ್ನು ನೀರಿಗಿಳಿಸುವುದು. ಅದು ಮಾಯವಾದ ಕೂಡಲೇ ಹಗ್ಗ ಹಿಡಿದು ಗಂಟು ಎಣಿಸುವುದು. ನೀರಿನ ತಿಳಿಯನ್ನು ಅಳೆಯುವ ಕ್ರಮ ಅಷ್ಟೇ. ಗೇಣಿಗೊಂದು ಗಂಟು. ಹೋದ ವರ್ಷ ಐದನೆಯ ಗಂಟಿನವರೆಗೆ ತಟ್ಟೆ ಕಾಣುತ್ತಿತ್ತು. ದೀಪಾವಳಿಗೆ ಮೂರು. ಇಂದು ಒಂದೇ. ಬೆರಳಿನಿಂದ ಎರಡು ಸಲ ಮುಟ್ಟಿ ಖಾತ್ರಿ ಮಾಡಿಕೊಂಡಳು.

ಕಮಠಾಣ ಊರಿನ ಮೇಲಿನ ಕೆಂಪುಕಲ್ಲಿನ ಗಣಿ ಮುಚ್ಚಿದ ಮೇಲೆ ಗುಂಡಿಗೆ ಮಣ್ಣು ತುಂಬಿ, ಇಳಿಜಾರಿಗೆ ಹುಲ್ಲು ಹಚ್ಚಿದ್ದರು. ಮಳೆನೀರಿನ ಜತೆ ಬರುವ ಕೆಸರು ಊರಿನ ಹೊಲಗಳಿಗೆ ಇಳಿಯದಂತೆ ಒಂದರ ಕೆಳಗೊಂದು ಮೂರು ಹೊಂಡ. ಹುಲ್ಲು, ಕಲ್ಲಿನ ತಡೆಗಳನ್ನು ನೋಡಿಕೊಳ್ಳುವವನು ಗೌಸೋದ್ದೀನ, ಅಳತೆ ವಿಶಾಖಾಳದು. ಒಂದು ಕಾಲಕ್ಕೆ ಅದೇ ಗಣಿಯಲ್ಲಿ ಕಲ್ಲು ಕಡಿದವನು ಅವನು. ಈಗ ಕಾವಲಿನ ಕೋಣೆಯೇ ಅವನ ಮನೆ.

ಮಳೆ ನಿಂತು ಮೂರು ತಿಂಗಳು. ಮೇಲಿಂದ ಒಂದು ಹನಿಯೂ ಇಳಿಯುತ್ತಿಲ್ಲ. ಹಾಗಿದ್ದರೆ ಕೆಸರು ಎಲ್ಲಿಯದು? ಇಳಿಜಾರು ಅಗೆದು ಮುರುಮು ಮಣ್ಣು ಮಾರಿಕೊಂಡು, ಬುಟ್ಟಿ ಸಲಿಕೆಗಳನ್ನು ಹೊಂಡದಲ್ಲಿ ತೊಳೆಯುತ್ತಿರಬೇಕು. ಇಲ್ಲಿ ಹಗಲೂ ರಾತ್ರಿ ಇರುವವನು ಒಬ್ಬನೇ.

ಆ ಚಳಿಗಾಲವೇ ಕೆಟ್ಟದ್ದಾಗಿತ್ತು. ಹೊತ್ತೇರಿದರೂ ಮಂಜು ಕರಗದು. ಔರಾದ ಬಸ್ಸಿನ ಫಲಕಕ್ಕೆ ಧೂಳು ಮೆತ್ತಿ, ದಿನಾ ಕಂಡಕ್ಟರನನ್ನು ಕೇಳಿಯೇ ಹತ್ತಬೇಕು.

ಅವಳು ಪುಸ್ತಕದಲ್ಲಿ ಒಂದು ಎಂದು ಬರೆದಳು. ಈಚೆಗೆ ಅಂಕಿಗಳನ್ನು ದೊಡ್ಡದಾಗಿ ಬರೆಯುತ್ತಿದ್ದಳು, ಬೀದರಿನ ಸಾಹೇಬರು ಕಡೆಗಣಿಸದಿರಲಿ ಎಂದು. ಕಂಡದ್ದನ್ನಷ್ಟೇ ಬರಿ, ಕೇಳಿದ್ದನ್ನು ಬರೀಬ್ಯಾಡ ಎಂದು ಕಲಿಸಿದವನು ಸಾಲಿ ಮಾಸ್ತರನಾಗಿದ್ದ ಅಪ್ಪ ನಾಗಸೇನ. ಗಂಡನ ಮನೆಯಲ್ಲಿ ಅವಳ ಮಾತಿಗೆ ಯಾರೂ ಕಿವಿಗೊಟ್ಟಿರಲಿಲ್ಲ. ಈ ಪುಸ್ತಕದಲ್ಲಿ ಮಾತ್ರ ಅವಳು ಬರೆದದ್ದೇ ನಿಜವಾಗುತ್ತಿತ್ತು. ಒಂದು ಗೆರೆಯನ್ನೂ ಅವಳು ಸುಳ್ಳಾಗಿ ಎಳೆದವಳಲ್ಲ.

ಗೌಸೋದ್ದೀನನನ್ನು ಕೆಲಸದಿಂದ ತೆಗೆಯುವುದೆಂದು ಸಾಹೇಬ ಅಮಿತಕುಮಾರ ಫೋನಿನಲ್ಲೇ ತೀರ್ಮಾನ ಮಾಡಿದ. “ನೀವು ಬರದ್ರಿ ಅಂದ್ರ ಮುಗೀತು, ವಿಶಾಖಾಬಾಯಿ. ನಾ ಬಂದು ನೋಡೋದೇನದ?”

ಶನಿವಾರ ಗೌಸೋದ್ದೀನ ಹಾಸಿಗೆ ಸುತ್ತಿದ.

“ಎಲ್ಲಿಗೆ ಹೋಗ್ತೀರಿ?”

“ಭಾಲ್ಕಿಯಾಗ ಮಗಳ ಮನಿ ಅದರಿ. ಅಳಿಯನ ಪಡಸಾಲಿ. ಹೋಗು ಅನ್ನಂಗಿಲ್ಲ, ಕೂಡು ಅಂತನೂ ಅನ್ನಂಗಿಲ್ಲ.” ಹಗ್ಗದ ಗಂಟು ಬಿಗಿದ. “ಒಂದ ಸಲ ಬ್ಯಾರೆಯವರ ಕೈಲೆ ತಟ್ಟಿ ಬಿಡಸ್ರಿ ಮೇಡಂ.”

“ನಾ ಸುಳ್ಳು ಬರದೇನಿ ಅಂತೀರೇನು?”

“ಅಲ್ಲಾಹ್ ಕಸಂ, ನಿಮ್ಮಷ್ಟು ಖರೇ ಮನಷ್ಯಾರನ್ನ ನಾ ಎಲ್ಲೂ ನೋಡಿಲ್ಲ. ಅದಕ್ಕೇ ನನಗ ಉಳಿಗಾಲ ಇಲ್ಲ.”

ಹಾಸಿಗೆ ಹೊತ್ತು ನಡೆದ. ಹತ್ತು ಹೆಜ್ಜೆಗೆ ಮಂಜು ಅವನನ್ನು ನುಂಗಿತು. ಕೆಮ್ಮು ಮಾತ್ರ ಬಹಳ ಹೊತ್ತು ಕೇಳಿಸಿತು. ವಿಶಾಖಾಳಿಗೆ ಹಗುರವಾಗಬೇಕಿತ್ತು, ಆಗಲಿಲ್ಲ.

ಸೋಮವಾರ ಅವನ ಜಾಗಕ್ಕೆ ಕಮಠಾಣದ ಕೇಶರಬಾಯಿ ಬಂದಳು. ನಾಲ್ಕು ಮಕ್ಕಳ ತಾಯಿ, ಮಾತು ಕಡಿಮೆ. ಕೆಲಸ ತಿಳಿಯಲಿ ಎಂದು ವಿಶಾಖಾ ಹಗ್ಗವನ್ನು ಅವಳ ಕೈಗೇ ಕೊಟ್ಟಳು.

“ಸಾವಕಾಶ ಬಿಡು. ತಟ್ಟಿ ಕಾಣದಂಗಾತಂದ್ರ ಸಾಕು ಅನ್ನು.”

ಒಂದು ಗಂಟು ಇಳಿಯಿತು. ಕೇಶರಬಾಯಿ ಸಾಕು ಎನ್ನಲಿಲ್ಲ. ಎರಡು. ಮೂರು. ಹೊಸಬಳು, ಹೇಳಿದ್ದು ತಿಳಿದಿಲ್ಲ ಎಂದುಕೊಂಡಳು ವಿಶಾಖಾ. ನಾಲ್ಕು. ಐದು. ಹಗ್ಗ ಸಡಿಲಾಯಿತು.

“ತಳಾ ಮುಟ್ಟಿತ್ರಿ ಅಕ್ಕಾ,” ಎಂದಳು ಕೇಶರಬಾಯಿ. “ತಟ್ಟಿ ಮ್ಯಾಲ ಒಂದು ಸಣ್ಣ ಮೀನ ಬಂದು ನಿಂತದ, ನೋಡ್ರಿ.”

ವಿಶಾಖಾ ಬಗ್ಗಿ ನೋಡಿದಳು; ಮೊದಲ ಗಂಟಿನ ಕೆಳಗೆ ಅವಳಿಗೆ ಕಂಡದ್ದು ಅದೇ ಮಂಜು.