ಅವ್ವ ಕಲಿತ ಇಂಗ್ಲಿಷು

ಗಂಜಿ ಹಚ್ಚಿದ ನೂಲಿನ ವಾಸನೆ ಬಂದರೆ ಈಗಲೂ ನಾರಾಯಣಪೇಟೆಯ ನಮ್ಮ ಮಗ್ಗದ ಮನೆ ನೆನಪಾಗುತ್ತದೆ.

ನಿಜಾಮನ ಕಾಲವದು. ಹೈದರಾಬಾದಿನಲ್ಲಿ ಓದುತ್ತಿದ್ದ ಕಾಕಾ ನನಗೆ ‘ಐ ಥಿಂಕ್’ ಕಲಿಸಿದ್ದ. “ಮೊದಲ ಇಷ್ಟು ಅಂದುಬಿಡು. ಆಮ್ಯಾಲ ದೊಡ್ಡವರ ಮುಂದೂ ನಿನಗ ಅನಿಸಿದ್ದು ಹೇಳಬಹುದು.”

ಆ ಮಧ್ಯಾಹ್ನ ಅಪ್ಪ ಸೀರೆಯ ಅಂಚಿಗೆಂದು ಕೆಂಪು ನೂಲು ತಂದ. ಅವ್ವ ಒದ್ದೆ ಬೆರಳಿನಿಂದ ತಿಕ್ಕಿ ನೋಡಿದಳು, ಬೆರಳು ಕೆಂಪಾಯಿತು.

“ಬಣ್ಣ ಬಿಡ್ತೈತಿ. ಅಪ್ಪಗ ಹೇಳಬೇ,” ಎಂದೆ.

“ನೂಲು ಆರಿಸೋದು ಗಂಡಸರ ಕೆಲಸ. ನಮ್ಮದೇನಿದ್ರೂ ಸುತ್ತೋದು.” ಅವ್ವ ರಾಟಿಗೆ ನೂಲು ಹಾಕಿ, “ಕಾಕಾ ಕಲಿಸಿದ್ದು ಹೆಂಗಂದಿ?” ಎಂದು ಕೇಳಿ, ರಾಟಿ ತಿರುಗಿಸುತ್ತ ಬಾಯಿಪಾಠ ಮಾಡಿದಳು.

ಅಪ್ಪ ಒಳಗೆ ಬಂದಾಗ ರಾಟಿ ನಿಲ್ಲಿಸಿ, “ಐ ಥಿಂಕ್…” ಎಂದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವನೂ ನಕ್ಕಳು. ಆ ಕೆಂಪು ಬೆರಳಿನಿಂದಲೇ ಮತ್ತೆ ಅದೇ ನೂಲು ಸುತ್ತತೊಡಗಿದಳು.