ಗಾಜಿನ ಕೋಣೆಯ ನಿಗಾ

ಒಂದು ಕ್ಲಿಕ್. ಹಾಲ್‌ನ ಆಚೆ ತುದಿಯಲ್ಲಿ ಕಿರಿ ಸೊಸೆ "ಅಯ್ಯೋ!" ಎಂದಳು. ಅವಳು ತುಂಬುತ್ತಿದ್ದ ವಿಮೆ ಅರ್ಜಿ ಪರದೆಯಿಂದ ಮಾಯವಾಗಿತ್ತು. ಇತ್ತ ಗಾಜಿನ ಕೋಣೆಯೊಳಗೆ ಹಿರಿ ಸೊಸೆ ತುಟಿ ಬಿಗಿಹಿಡಿದು ನಗು ನುಂಗಿದಳು.

ಇಬ್ಬರೂ ಒಂದೇ ಮನೆಯ ಸೊಸೆಯಂದಿರು, ಒಂದೇ ವಿಮೆ ಕಚೇರಿಯ ನೌಕರರು. ಕಚೇರಿಯ ಅಷ್ಟೂ ಕಂಪ್ಯೂಟರ್‌ಗಳ ಲಗಾಮು ಹಿರಿಯವಳ ಕೈಯಲ್ಲಿ. ಯಾರ ಯಂತ್ರದಲ್ಲಿ ಯಾವ ಪ್ರೋಗ್ರಾಮ್ ಓಡುತ್ತಿದೆ, ಯಾರು ಎಷ್ಟು ಕೀ ಒತ್ತಿದರು, ಯಾರು ಸುಮ್ಮನೆ ಕೂತರು, ಎಲ್ಲವೂ ಅವಳಿಗೆ ಕುಳಿತಲ್ಲೇ ಕಾಣುತ್ತಿತ್ತು. ಹಟ ಹಿಡಿದು ನಿಂತ ಪ್ರೋಗ್ರಾಮನ್ನು ಅಲ್ಲಿಂದಲೇ ಮುಚ್ಚುವುದು ಅವಳ ಕೆಲಸ. ಈ ವಾರ ಮಾತ್ರ ಚೆನ್ನಾಗಿ ಓಡುತ್ತಿದ್ದುದನ್ನೇ ಮುಚ್ಚುತ್ತಿದ್ದಳು, ಅದೂ ಒಬ್ಬಳದ್ದೇ.

ಕಾರಣವಿತ್ತು. ಒಂದು ಕುರ್ಚಿ ಕಡಿಮೆಯಾಗಲಿದೆ ಎಂದು ಹೆಡ್ಡಾಫೀಸು ಸೋಮವಾರ ಹೇಳಿತ್ತು. ಯಾರ ಯಂತ್ರದಲ್ಲಿ ಈ ವಾರ ಅತಿ ಕಡಿಮೆ ಕೆಲಸ ನಡೆದಿದೆಯೋ ಅವರಿಗೆ ಶನಿವಾರ ವಿದಾಯ. ವರದಿ ತಂತಾನೇ ಹೆಡ್ಡಾಫೀಸಿಗೆ ಹೋಗುತ್ತದೆ, ಅದನ್ನು ತಿದ್ದುವಂತಿಲ್ಲ. ತಿದ್ದಲಾಗದಿದ್ದರೇನು, ಕೆಲಸವನ್ನೇ ಕೆಡಿಸಬಹುದಲ್ಲ!

ಕಿರಿಯವಳನ್ನು ಇಲ್ಲಿ ಕೆಲಸಕ್ಕೆ ಸೇರಿಸಿದ್ದೇ ಹಿರಿ ಸೊಸೆ. ಅದಕ್ಕೆ ಈಗ ಹಲ್ಲು ಕಡಿಯುತ್ತಿದ್ದಳು. ಮನೆಯಲ್ಲಿ ಅತ್ತೆಯ ಬಾಯಲ್ಲಿ ಸದಾ ಚಿಕ್ಕವಳದೇ ಜಪ. "ಇಷ್ಟು ವರ್ಷ ಆದ್ರೂ ನಿಂಗೆ ಆ ಗಾಜಿನ ಗೂಡೇ ಗತಿ. ಅವಳನ್ನ ನೋಡು, ಬಂದ ವರ್ಷವೇ ಮ್ಯಾನೇಜರ್ ಹೊಗಳ್ತಾರಂತೆ" ಎಂದು ಊಟದ ನಡುವೆ ಹೇಳಿದ ದಿನ ಅರ್ಧ ಊಟಕ್ಕೇ ಎದ್ದು ಕೈ ತೊಳೆದಿದ್ದಳು. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ; ಅದಕ್ಕೆ ಬೇರೆ ಹೆಸರು ಯಾಕೆ?

ಬುಧವಾರ ಕಿರಿ ಸೊಸೆ ಗಾಜಿನ ಬಾಗಿಲು ತಟ್ಟಿದಳು. ಕಣ್ಣು ಕೆಂಪಗಾಗಿತ್ತು.

"ಅಕ್ಕಾ, ನನ್ ಕಂಪ್ಯೂಟರ್‌ಗೆ ಏನೋ ಆಗಿದೆ. ಅರ್ಧ ತುಂಬೋಷ್ಟ್ರಲ್ಲಿ ಮುಚ್ಕೊಂಡ್ಬಿಡುತ್ತೆ. ನಿಮ್ಮ ಮೈದುನಂಗೂ ಈಗ ಕೆಲಸ ಇಲ್ಲ. ನಂದೂ ಹೋದ್ರೆ ಏನ್ ಗತಿ?"

"ಯಂತ್ರ ಸರಿಯಾಗೇ ಇದೆ. ನಿನ್ ಕೈ ಸರಿ ಇಲ್ಲ."

"ಒಂದ್ಸಲ ನೀವೇ ಕಣ್ಣಿಟ್ಟು ನೋಡಿ ಅಕ್ಕಾ."

"ನಿನ್ ಮೇಲೇ ಕಣ್ಣಿಟ್ಟಿದ್ದೀನಿ, ಹೋಗು."

ಅವಳು ತಲೆ ತಗ್ಗಿಸಿ ಹೋದಳು. ಕೂತಳು, ಪ್ರೋಗ್ರಾಮ್ ತೆರೆದಳು, ಮೊದಲಿನಿಂದ ತುಂಬತೊಡಗಿದಳು. ಕ್ಲಿಕ್. ಮತ್ತೆ ತೆರೆದಳು. ಕ್ಲಿಕ್. ಊಟಕ್ಕೂ ಏಳಲಿಲ್ಲ. ಇವಳೂ ಏಳಲಿಲ್ಲ. "ಮೇಡಂ, ನಂದು ನಿಂತುಬಿಟ್ಟಿದೆ" ಎಂದು ಬಂದ ಕ್ಯಾಷಿಯರನ್ನು "ಆಫ್ ಮಾಡಿ ಆನ್ ಮಾಡ್ಕೊಳ್ರೀ" ಎಂದು ಗದರಿ ಅಟ್ಟಿದಳು. ವಾರವಿಡೀ ಬೇರೆ ಯಾರ ಯಂತ್ರವನ್ನೂ ತಿರುಗಿ ನೋಡಲಿಲ್ಲ.

ಶನಿವಾರ ಮ್ಯಾನೇಜರ್ ಇಬ್ಬರನ್ನೂ ಒಳಗೆ ಕರೆದರು. ಹಿರಿ ಸೊಸೆ ಹಿಂಜರಿಯುತ್ತಲೇ ಹೋದಳು. ಗೊತ್ತಾಗಿಹೋಯಿತೇ?

ಇಲ್ಲ, ಮ್ಯಾನೇಜರ್ ನಗುತ್ತಿದ್ದರು. "ನಿಮ್ಮ ವಾರಗಿತ್ತಿ ಗಟ್ಟಿಗಿತ್ತಿ ಕಣ್ರೀ! ಪ್ರೋಗ್ರಾಮ್ ಬಿದ್ದಾಗಲೆಲ್ಲ ಮತ್ತೆ ತೆಗೆದು, ಒಂದೇ ಅರ್ಜಿನ ಎಷ್ಟೋ ಸಲ ತುಂಬಿದಾರೆ. ಕೀ ಒತ್ತಿದ ಲೆಕ್ಕದಲ್ಲಿ ಇಡೀ ಕಚೇರಿಯಲ್ಲಿ ಅತಿ ಹೆಚ್ಚು ಕೆಲಸ ಇವರ ಯಂತ್ರದ್ದೇ."

ಹಿರಿ ಸೊಸೆಗೆ ಮೈಯೆಲ್ಲ ಉರಿಯಿತು. "ಹಾಗಾದ್ರೆ ಹೋಗೋರು ಯಾರು ಸಾರ್?"

ಮ್ಯಾನೇಜರ್ ನಗು ನಿಲ್ಲಿಸಿದರು. "ವರದಿಯಲ್ಲಿ ನಿಮ್ಮ ಯಂತ್ರದ ಮುಂದೆ ಸೊನ್ನೆ ಇದೆ."

ಸೊನ್ನೆ! ಕಾವಲಿನವಳಿಗೇ ಕಾವಲು ಯಾಕೆ ಎಂದು ಈ ನಿಗಾ ಶುರುವಾದ ದಿನವೇ ತನ್ನ ಯಂತ್ರವನ್ನು ಅದರಿಂದ ಹೊರಗಿಟ್ಟವಳು ಅವಳೇ. ಆಮೇಲೆ ಅದನ್ನು ಮರೆತೂಬಿಟ್ಟಿದ್ದಳು. "ಸಾರ್, ನಾನು ನನ್ನನ್ನ ಸೇರಿಸ್ಕೊಂಡಿರ್ಲಿಲ್ಲ ಅಷ್ಟೇ. ಕೆಲಸ ಮಾಡಿದ್ದೀನಿ ಸಾರ್!"

"ನಂಗೊತ್ತಮ್ಮ. ಆದ್ರೆ ಹೆಡ್ಡಾಫೀಸ್‌ಗೆ ಪುರಾವೆ ಬೇಕು. ಈ ವಾರ ಯಾವ ಯಂತ್ರಕ್ಕೆ ಏನು ಮಾಡಿದ್ರಿ ಅನ್ನೋದು ನಿಮ್ಮ ಕಂಪ್ಯೂಟರ್‌ನಲ್ಲಿ ಉಳಿದಿರುತ್ತಲ್ಲ? ತೆಗೆದು ತೋರ್ಸಿ, ಈಗಲೇ ಕಳಿಸೋಣ. ಇಲ್ಲಾಂದ್ರೆ ನನ್ ಕೈಲೇನಿಲ್ಲ."

ಅವಳು ಕೂತಲ್ಲಿಂದ ಕದಲಲಿಲ್ಲ. ಅದರಲ್ಲಿ ವಾರವಿಡೀ ಉಳಿದಿದ್ದುದು ಒಂದೇ ಯಂತ್ರದ ಹೆಸರು, ಮುಚ್ಚಿದ ಲೆಕ್ಕವೊಂದೇ.

"ತೋರ್ಸಿಬಿಡಿ ಅಕ್ಕಾ" ಎಂದು ಕಿರಿ ಸೊಸೆ ಅವಳ ಕೈ ಹಿಡಿದುಕೊಂಡಳು. "ವಾರವೆಲ್ಲ ನೀವು ತಲೆ ಎತ್ತದೆ ಕೆಲಸ ಮಾಡಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ."