ಜೀಪು ಎಳೆಯುವ ಜೋಡಿ

ಹಲ್ಲು ನೋಡಿಯಾಯಿತು, ಸುಳಿ ನೋಡಿಯಾಯಿತು. ಸಮೇತನಹಳ್ಳಿಯಿಂದ ಎತ್ತು ಕೊಳ್ಳಲು ಬಂದಿದ್ದ ಆವಲಪ್ಪ, ಮೈಲ ಎಂಬ ಎತ್ತಿನ ಬೆನ್ನ ಮೇಲೆ ಅಂಗೈ ಊರಿ, “ಎಲ್ಲಾ ಸರಿಯಾಗೈತೆ ಕೊಂಡಪ್ಪಣ್ಣ. ಒಂದ್ಸಲ ಭಾರ ಎಳೆಸಿಬಿಡು. ಇವತ್ತೇ ಹೊಡ್ಕೊಂಡು ಹೋಗ್ತೀನಿ” ಅಂದ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮುನಿತಾಯಮ್ಮ ಹೊಸ್ತಿಲವರೆಗೆ ಮುಂದೆ ಬಂದಳು. ಮೈಲ, ಕೆಂಪ ಎರಡೂ ಅವಳ ಕೈಯಲ್ಲೇ ಬೆಳೆದ ಕರುಗಳು. ಆದರೆ ಗಂಡ ಕೊಂಡಪ್ಪ ಮಿಲಿಟರಿಯವರ ಹರಾಜಿನಲ್ಲಿ ಹಳೆಯ ಜೀಪು ತಂದ ಮೇಲೆ ಮಧುರೆ ಹಳ್ಳಿಯ ಅವರ ತೋಟದಲ್ಲಿ ಗೊಬ್ಬರ, ಹಿಪ್ಪುನೇರಳೆ ಸೊಪ್ಪು, ಹಾಲಿನ ಕ್ಯಾನು, ಕೊನೆಗೆ ಜ್ವರ ಬಂದ ಕರು ಕೂಡ ಜೀಪನ್ನೇ ಏರುತ್ತಿತ್ತು. ಉಳುಮೆಗೆ ಬಾಡಿಗೆ ಟ್ರಾಕ್ಟರು. ಎತ್ತುಗಳಿಗೆ ಉಳಿದಿದ್ದು ಒಂದೇ ಕೆಲಸ: ಬ್ಯಾಟರಿ ಸತ್ತ ಜೀಪನ್ನು ದಿನಾ ಬೆಳಿಗ್ಗೆ ಎಳೆದು ಸ್ಟಾರ್ಟ್ ಮಾಡಿಸುವುದು.

“ಎತ್ತು ಮಾರಿ ಹೊಸ ಬ್ಯಾಟರಿ ಹಾಕಿಸಿಬಿಟ್ರೆ ಅದೂ ಮುಗೀತು” ಎಂದು ಕೊಂಡಪ್ಪ ತೀರ್ಮಾನಿಸಿದ್ದ.

ಗಾಡಿ ಆಗಲೇ ಮಾರಿಹೋಗಿತ್ತು. ಭಾರವೆಂದರೆ ಜೀಪೇ. ನೊಗಕ್ಕೆ ಹಗ್ಗ ಬಿಗಿದು ಕೊಂಡಪ್ಪ ಸ್ಟಿಯರಿಂಗ್ ಹಿಡಿದು ಕೂತ. ಆವಲಪ್ಪ “ಹೋಯ್” ಅಂದದ್ದೇ ತಡ, ಎತ್ತುಗಳು ಜೀಪನ್ನು ಆಟದ ಗಾಡಿಯಂತೆ ಎಳೆದವು. ಆವಲಪ್ಪನ ಮುಖ ಅರಳಿತು. ಕೊಂಡಪ್ಪ ದಿನದ ಅಭ್ಯಾಸದಂತೆ ಕೀ ತಿರುಗಿಸಿ ಗೇರು ಹಾಕಿದ್ದ. ಇಳಿಜಾರಿನಲ್ಲಿ ಎಂಜಿನ್ ಗುರ್ರೆಂದಿತು.

ಎತ್ತುಗಳು ಗೂಟ ಹೊಡೆದಂತೆ ನಿಂತವು. ಎರಡೂ ಒಟ್ಟಿಗೆ ಕತ್ತು ತಿರುಗಿಸಿ ಅಡುಗೆಮನೆ ಬಾಗಿಲ ಕಡೆ ನೋಡಿದವು.

ಆವಲಪ್ಪ ಗದರಿದ, ಬಾಲ ತಿರುಚಿದ. ಒಂದು ಹೆಜ್ಜೆಯೂ ಕೀಳಲಿಲ್ಲ. “ಏನಪ್ಪಾ ಇದು, ಬೆದರ್ತಾವಾ?”

“ಎಲ್ಲಿ ಬೆದರ್ತವೆ? ಆರಾಮಾಗಿ ನಿಂತವಲ್ಲ!” ಕೊಂಡಪ್ಪನಿಗೇ ಅರ್ಥವಾಗಲಿಲ್ಲ.

ಕೆಂಪ ನಾಲಿಗೆ ಹೊರಚಾಚಿ ಮೂಗು ನೆಕ್ಕಿಕೊಂಡ. ಮುನಿತಾಯಮ್ಮ ಸೆರಗಿನೊಳಗೆ ಮುಷ್ಟಿ ಬಿಗಿಹಿಡಿದಳು. ಮುಷ್ಟಿಯಲ್ಲಿ ಬೆಲ್ಲ ಬೆವರಿ ಅಂಟುತ್ತಿತ್ತು. ಕೊಟ್ಟರೆ ನಡೆದುಬಿಡುತ್ತವೆ, ಸಮೇತನಹಳ್ಳಿಯವರೆಗೂ ನಡೆದುಬಿಡುತ್ತವೆ. ಅವುಗಳ ಕಣ್ಣು ತಪ್ಪಿಸಲು ಅವಳು ಸುಮ್ಮನೆ ಸೂರು ನೋಡತೊಡಗಿದಳು.

ಆವಲಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. “ನಮ್ಮ ಬಾವಿ ಮೇಲೆ ಡೀಸೆಲ್ ಎಂಜಿನ್ ಸಂಜೆಗಂಟ ಬಡ್ಕೊತಿರುತ್ತೆ ಅಣ್ಣ. ಅದನ್ನ ಕೇಳ್ಕೊಂಡು ಇವು ಹಿಂಗೇ ನಿಂತ್ಬಿಟ್ರೆ ನೇಗಿಲಿಗೆ ನಾನು ಕತ್ತು ಕೊಡ್ಲಾ? ಜೀಪ್ ಸಮೇತ ಕೊಡಂಗಿದ್ರೆ ಹೇಳಿಕಳ್ಸು!” ನಗುತ್ತಲೇ ಹೊರಟುಹೋದ.

ಕೊಂಡಪ್ಪ ಸಿಟ್ಟಿನಿಂದ ಎಂಜಿನ್ ಆರಿಸಿದ. ಆರಿಸಿದ ಮೇಲೆ ಹಿಂದಿದ್ದ ಹಾಲಿನ ಕ್ಯಾನುಗಳು ನೆನಪಾದವು. ಕೀ ತಿರುಗಿಸಿದ; ಜೀಪು ತುಟಿ ಪಿಟಕ್ಕೆನ್ನಲಿಲ್ಲ. ಹಾಲು ಒಡೆಯುವ ಹೊತ್ತಾಗುತ್ತಿತ್ತು.

“ಲೇ, ಇನ್ನೊಂದ್ಸಲ ಎಳೆಸೇ” ಅಂದ, ಅವಳ ಮುಖ ನೋಡದೆ.

ಮುನಿತಾಯಮ್ಮ ಹಗ್ಗ ಹಿಡಿದಳು. ಎಂಜಿನ್ ಗುರ್ರೆಂದಿತು, ಎತ್ತುಗಳು ನಿಂತವು, ಅವಳತ್ತ ಕತ್ತು ತಿರುಗಿಸಿದವು. ಈಗ ಅವಳು ಮುಷ್ಟಿ ಬಿಚ್ಚಿದಳು. ಮೈಲನಿಗೊಂದು ಚೂರು, ಕೆಂಪನಿಗೊಂದು ಚೂರು.

ಕೊಂಡಪ್ಪ ಕಣ್ಣು ಬಿಟ್ಟು ನೋಡಿದ. “ಯಾವತ್ತಿಂದ ನಡೀತೈತೆ ಇದು?”

“ಜೀಪ್ ಬಂದ ಮಾರನೇ ದಿನದಿಂದ. ಕೆಲಸ ಮಾಡಿದೋರ ಬಾಯಿ ಸಿಹಿ ಮಾಡಬಾರದಾ?”

ಅವನು ಸ್ಟಿಯರಿಂಗ್ ಮೇಲೆ ಬೆರಳು ಬಡಿದ. ಆಮೇಲೆ, ಎಂಜಿನ್ ಆರದಂತೆ ಕಾಲನ್ನು ಆಕ್ಸಿಲರೇಟರ್ ಮೇಲೇ ಇಟ್ಟುಕೊಂಡು, ಜೀಪಿನಿಂದ ತಾನೂ ಅವಳತ್ತ ಅಂಗೈ ಚಾಚಿದ.